ಹತ್ತು ಸಾವಿರ ಹೆಜ್ಜೆಯ ಗುತ್ತಿಗೆ

(ಚೆನ್ನೈನ ಪಶ್ಚಿಮ ಮಾಂಬಲದ ಒಂದು ಫ್ಲ್ಯಾಟು. ಅಳಿಯ ಸೋಫಾದಲ್ಲಿ, ಲ್ಯಾಪ್‌ಟಾಪು ಅವನ ಹೊಟ್ಟೆಯ ಮೇಲೆ. ಮದ್ರಾಸಿನ ಉಡುಪಿ ಹೋಟೆಲುಗಳಲ್ಲಿ ದುಡಿದು ಮುದುಕರಾದ ಮಾವ ವಾಕಿಂಗ್ ಮುಗಿಸಿ ಬರುತ್ತಾರೆ.)

ಅಳಿಯ: ಬಂದ್ರಾ ಮಾವ? ವಾಚು ಕೊಡಿ. ಎಷ್ಟಾಯ್ತು ಇವತ್ತು?

ಮಾವ: ಹತ್ತು ಸಾವಿರ ದಾಟಿತು. ಸ್ಕೈವಾಕ್ ಹತ್ತಿ ಪಾಂಡಿ ಬಜಾರಿನವರೆಗೆ ಹೋಗಿ ಬಂದೆ. ನಡೀಲಿಕ್ಕೆ ಅಂತ 2023ರಲ್ಲಿ ತೆರೆದ ಸೇತುವೆ, ಹತ್ಲಿಕ್ಕೆ ಎಸ್ಕಲೇಟರ್! ಅದಿರಲಿ ಮಾಣಿ, ಕಾಲು ನಂದು, ಆಫೀಸಿನಲ್ಲಿ ಹೆಸರು ನಿಂದು. ಇದೆಂತ ನ್ಯಾಯ?

ಅಳಿಯ: ಕಂಪನಿಯ ಸ್ಪರ್ಧೆ ಮಾವ. ಕೂತು ಕೂತು ಎಲ್ಲರೂ ಊದ್ತಾ ಇದ್ದೇವೆ ಅಂತ ಎಚ್.ಆರ್.ನವರಿಗೆ ಚಿಂತೆ.

ಮಾವ: ಊದದೆ ಇನ್ನೆಂತ? ಕ್ಯಾಬಿನಲ್ಲಿ ಕೂತು ಶೋಳಿಂಗನಲ್ಲೂರಿಗೆ ಹೋಗ್ತಿ, ಅಲ್ಲಿ ಕೂತು ದುಡೀತಿ, ಮತ್ತೆ ಕೂತು ಬರ್ತಿ. ರಾತ್ರಿ ಹನ್ನೊಂದಕ್ಕೆ ಆ್ಯಪಿನಲ್ಲಿ ಕೊತ್ತು ಪರೋಟ. ತಂದ ಹುಡುಗನಾದ್ರೂ ಮೆಟ್ಟಿಲು ಹತ್ತಿದ. ಬಾಗಿಲು ತೆಗೀಲಿಕ್ಕೂ ನೀನು ನನ್ನನ್ನೇ ಎಬ್ಬಿಸಿದಿ.

ಅಳಿಯ: ನಡೀಲಿಕ್ಕೆ ಜಾಗ ಎಲ್ಲುಂಟು? ಫುಟ್‌ಪಾತಿನಲ್ಲಿ ಬೈಕು, ಟ್ರಾನ್ಸ್‌ಫಾರ್ಮರು, ಎಳನೀರು ಗಾಡಿ. ಮೇಲೆ ಅಗ್ನಿನಕ್ಷತ್ರದ ಬಿಸಿಲು. ನಾನೊಬ್ಬನೇ ಅಲ್ಲ ಮಾವ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ, ತಮಿಳುನಾಡಿನಲ್ಲಿ ನೂರಕ್ಕೆ 40 ಹೆಂಗಸರು, 37 ಗಂಡಸರು ತೂಕ ಮೀರಿದವರು. 2015–16ರಲ್ಲಿ 31, 28 ಇತ್ತು.

ಮಾವ: ಬಾಯಿಪಾಠ ಮಾಡಿದ್ದಿಯಲ್ಲ ಮಾರಾಯ! ನಾವು ರುಬ್ಬುವ ಕಲ್ಲಿನ ಮುಂದೆ ಕೂತ್ರೆ ಬಲಗೈ ಗುಂಡು ತಿರುಗಿಸಬೇಕು, ಎಡಗೈ ಹಿಟ್ಟು ಒಳಗೆ ದೂಡಬೇಕು. ಲಯ ತಪ್ಪಿತೋ, ಬೆರಳೇ ಚಟ್ನಿ. ತಿಂದ ಇಡ್ಲಿ ಅಲ್ಲೇ ಕರಗ್ತಿತ್ತು. ಕೊಯಮತ್ತೂರಿನ ಗ್ರೈಂಡರ್ ಬಂತು, ತೋಳಿಗೆ ಕೆಲಸ ತಪ್ಪಿತು.

ಅಳಿಯ: ಬಂದಾಗ ಬೇಡ ಅಂದ್ರಾ?

ಮಾವ: ನನಗೆಂತ ಮರುಳಾ? ಕುಂಕುಮ ಹಚ್ಚಿ ಸ್ವಿಚ್ ಒತ್ತಿದ್ದೇ ನಾನು.

ಅಳಿಯ: ಮತ್ತೆ! ಕ್ಯಾಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಯಾರದ್ದು? 1962ರಲ್ಲೇ ಕಾರಿಂದ ಇಳಿಯದೆ ದೋಸೆ ತಿನ್ನೋದನ್ನು ಮದ್ರಾಸಿಗೆ ಕಲಿಸಿದ್ದು ನಮ್ಮ ಕಡೆಯ ಕೃಷ್ಣರಾಯರೇ ಅಲ್ವಾ? ಈಗ ಆ್ಯಪನ್ನು ಬೈದ್ರೆ ಹೇಗೆ?

ಮಾವ: (ತುಸು ಹೊತ್ತು ಸುಮ್ಮನಿದ್ದು) ತಿಂದವರು ಕೂತಿದ್ದರು, ಹೌದು. ಟ್ರೇ ಹಿಡ್ಕೊಂಡು ಕಾರಿಂದ ಕಾರಿಗೆ ಓಡಿದವರ ಲೆಕ್ಕ ಯಾವ ವಾಚಿನಲ್ಲುಂಟು? 2008ರಲ್ಲಿ ಅದು ಮುಚ್ಚಿತು, 2010ರಲ್ಲಿ ಅದೇ ಜಾಗ ಸೆಮ್ಮೊಳಿ ಪೂಂಗಾ ಅನ್ನುವ ಪಾರ್ಕು ಆಯ್ತು. ಈಗ ಅಲ್ಲಿ ಟಿಕೆಟ್ ಕೊಟ್ಟು ನಡೀತಾರೆ. ಅಂದು ಕಾರಿನಲ್ಲಿ ಕೂತು ತಿಂದವರೇ ಇರ್ಬೇಕು, ಬಡ್ಡಿ ತೀರಿಸ್ಲಿಕ್ಕೆ.

ಅಳಿಯ: (ಫೋನು ನೋಡಿ) ಮಾವ! ನಾನೇ ಫಸ್ಟು!

ಮಾವ: ನೀನಾ! ಬಹುಮಾನ ಎಂತ?

ಅಳಿಯ: ಭಾನುವಾರ ಬೆಳಿಗ್ಗೆ ಐದಕ್ಕೆ ಮರೀನಾದಲ್ಲಿ ಹತ್ತು ಕಿಲೋಮೀಟರ್ ಓಟವಂತೆ. ಬಾವುಟ ಹಿಡಿದು ಎಲ್ಲರ ಮುಂದೆ ನಾನು ಓಡಬೇಕಂತೆ. ಬಾಸೂ ಬರ್ತಾರೆ. ಮಾವ, ನೀವೇ...

ಮಾವ: ನಮ್ಮ ಕರಾರು ನಡಿಗೆಗೆ, ದಿನಕ್ಕೊಂದು ಮಸಾಲೆ ದೋಸೆಗೆ. ಓಟದ ರೇಟು ಬೇರೆ. ಕಾಲು ಕೊಟ್ಟೇನು ಮಾಣಿ, ನಿನ್ನ ಮೋರೆ ಎಲ್ಲಿಂದ ತರ್ಲಿ?