ತಪ್ಪು ಉತ್ತರದ ಮಾಸ್ತರು

ರಾಯಚೂರಿನ ಕಡೆ ಫಿಸಿಕ್ಸ್ ಕಲಿಸಿ ನಿವೃತ್ತರಾಗಿ, ಮಗನ ಮನೆಯೆಂದು ಶಂಶಾಬಾದಿಗೆ ಬಂದು ನೆಲೆಸಿದ ಮಾಸ್ತರರನ್ನು ನೀವು ನೋಡಿರುತ್ತೀರಿ. ಇವರನ್ನಲ್ಲದಿದ್ದರೆ ಇಂಥವರೇ ಇನ್ನೊಬ್ಬರನ್ನು. ಪಾಠ ನಿಂತಿದೆ, ಪ್ರಶ್ನೆ ನಿಂತಿಲ್ಲ. 2008ರಲ್ಲಿ ಇಲ್ಲಿಗೆ ವಿಮಾನ ನಿಲ್ದಾಣ ಬಂದದ್ದರಿಂದ ಯಾರಿಗೆ ಲಾಭವಾಯಿತೋ ಬಿಟ್ಟಿತೋ, ಮಾಸ್ತರರಿಗಂತೂ ಆಯಿತು. ಬೀಗರು, ನೆಂಟರು, ಅಮೆರಿಕದ ಅಳಿಯ ಎಲ್ಲರೂ ಇಳಿದ ಕೂಡಲೇ ‘ಇಲ್ಲೇ ಹತ್ತಿರ’ ಎಂದು ಇವರ ಮನೆಗೇ ಬರುತ್ತಾರೆ.

ನಿದ್ದೆಗೆಟ್ಟು ಬಂದವನಿಗೆ ಚಹಾಕ್ಕಿಂತ ಮೊದಲು ಪ್ರಶ್ನೆ.

“ಅಳಿಯಂದಿರೇ, ವಿಮಾನ ನಿಂತಲ್ಲಿಂದ ಹೊಂಟು, ಒಂದೇ ಸಮ ವೇಗ ಏರಿಸಿಕೊಂತ 30 ಸೆಕೆಂಡಿನ್ಯಾಗ ಗಂಟೆಗೆ 270 ಕಿಲೋಮೀಟರ್ ಮುಟ್ಟಿತು ಅಂತ ತಿಳಕೋರಿ. ಎಷ್ಟು ದೂರ ಓಡಿತು?”

ಅಳಿಯ ಸಾಫ್ಟ್‌ವೇರಿನವನು; ಫೋನಿಗೆ ಕೈ ಹಾಕುತ್ತಾನೆ.

“ಫೋನ್ ಇಡ್ರಿ. 1125 ಮೀಟರ್! ಮತ್ತ ಇಲ್ಲಿ ರನ್‌ವೇ 4260 ಮೀಟರ್ ಯಾಕ ಮಾಡ್ಯಾರ?”

ಭಾರ ಹೆಚ್ಚಿದರೆ, ಬೇಸಿಗೆಯ ಗಾಳಿ ತೆಳುವಾದರೆ, ಕೊನೆಗಳಿಗೆಯಲ್ಲಿ ಬ್ರೇಕ್ ಒತ್ತಬೇಕಾದರೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಚಹಾ ಆರಿರುತ್ತದೆ. ಸ್ನಾನಕ್ಕೆ ಎದ್ದರೆ, “1500 ವ್ಯಾಟಿನ ಗೀಸರ್ 40 ನಿಮಿಷ ಹಚ್ಚಿದ್ರ ಎಷ್ಟು ಯೂನಿಟ್?” ಒಂದೇ ಯೂನಿಟ್. ಆದರೂ ಆ ಮನೆಯಲ್ಲಿ ಬಿಸಿನೀರು ಹೊಯ್ದುಕೊಂಡ ನೆಂಟರನ್ನು ನಾನು ಕಂಡಿಲ್ಲ.

ಮೇ ಎರಡನೇ ವಾರದಲ್ಲಿ ಸೂರ್ಯ ಶಂಶಾಬಾದಿನ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅಂದು ಮಾಸ್ತರರು ಅಪಾರ್ಟ್‌ಮೆಂಟಿನವರನ್ನೆಲ್ಲ 12 ಗಂಟೆಗೆ ಸರಿಯಾಗಿ ತಾರಸಿಗೆ ಹತ್ತಿಸುತ್ತಾರೆ. ನೆರಳು ಮಾಯವಾಗುವುದು 12 ಗಂಟೆ 12 ನಿಮಿಷದ ಆಸುಪಾಸಿಗೆ. ಇದು ಅವರಿಗೆ ಗೊತ್ತು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ಶಂಶಾಬಾದ್ ಇರುವುದು ಅದರ ಪಶ್ಚಿಮಕ್ಕೆ 4 ಡಿಗ್ರಿ. ಈ ಪಾಠ ಮಾಡಲೆಂದೇ ಅಷ್ಟು ಹೊತ್ತು ಜನರನ್ನು ಬಿಸಿಲಿಗೆ ಹಾಕುವುದು. ಸಂಡಿಗೆಯಾದರೂ ಒಣಗಲು ಒಂದು ದಿನ ಕೇಳುತ್ತದೆ.

ಇಷ್ಟು ಕೇಳುವವರಿಗೆ ಉತ್ತರ ಬೇಕೇ? ಬೇಡ. ಬೇಕಾದದ್ದು ತಪ್ಪು ಉತ್ತರ. ಏಳನೇ ಕ್ಲಾಸಿನ ಮೊಮ್ಮಗಳು ಒಮ್ಮೆ, ಸೂರ್ಯನ ಬೆಳಕು ಇಲ್ಲಿಗೆ ಬರಲು 8 ನಿಮಿಷ 20 ಸೆಕೆಂಡು ಎಂದು ಥಟ್ಟನೆ ಹೇಳಿಬಿಟ್ಟಳು. ಅಂದು ರಾತ್ರಿ ಮಾಸ್ತರರು ಒಂದೇ ರೊಟ್ಟಿಗೆ ಕೈ ತೊಳೆದರು.

ಮೊನ್ನೆ ಕರೆಂಟ್ ಹೋಯಿತು. ಓಮ್ಸ್ ನಿಯಮವನ್ನು ನಿದ್ದೆಯಲ್ಲೂ ಒಪ್ಪಿಸುವ ಮಾಸ್ತರರು ಫ್ಯೂಸ್ ಮುಟ್ಟುವವರಲ್ಲ. ನಾರಾಯಣಪೇಟೆಯ ಹುಡುಗ ಬಂದು ಏಣಿ ಹತ್ತಿದ. ಕೆಳಗಿನಿಂದ ಬಂತು: “ತಮ್ಮಾ, ತಂತಿ ಮ್ಯಾಲ ಕುಂತ ಹಕ್ಕಿಗೆ ಶಾಕ್ ಯಾಕ ಹೊಡಿಯಂಗಿಲ್ಲ?”

ಹುಡುಗ ಟೆಸ್ಟರನ್ನು ಬಾಯಿಯಿಂದ ತೆಗೆದ. “ಅದಕ್ಕ ಕೆಳಗ ನಿಂತು ಯಾರೂ ಪ್ರಶ್ನೆ ಕೇಳಂಗಿಲ್ಲಲ್ರೀ ಸರ್.”

“ತಪ್ಪು!” ಎಂದರು ಮಾಸ್ತರರು. ಅವರ ಮುಖ ಅರಳಿತು. ಒಳಗೆ ತಿರುಗಿ, ಹುಡುಗನಿಗೊಂದು ಚಹಾ ಮಾಡಲು ಸೊಸೆಗೆ ಕೂಗಿ ಹೇಳಿದರು.