ಲಾಡ್ಜ್ ಕಟ್ಟೂ ಮುಂಚೆ

ಅಲ್ರೀ ವೈನಿ, ನಿಮ್ಮ ತಮ್ಮ ತಂದ ಲಾಡ್ಜಿನ ನಕಾಶೆ ನೋಡಿದಾಗಿಂದ ನನಗ ಅದೇ ವಿಚಾರ ಹತ್ತೇತಿ. ನಮ್ಮ ಹುಬ್ಬಳ್ಳ್ಯಾಗ ಉಣಕಲ್ ಕೆರಿ ಕಡೆ ಜಾಗಾ ಸಿಕ್ಕದ್ದು ಭಾಗ್ಯ ಅನ್ರಿ. ಆದ್ರ ಮುಂದಿನ ಗ್ವಾಡಿ ಪೂರ್ತಿ ಗಾಜು, ಅದೂ ಪಡುವಣಕ್ಕ! ಏಪ್ರಿಲ್ ತಿಂಗಳದಾಗ ಮಧ್ಯಾಹ್ನ ಮೂರಕ್ಕ ಬಿಸಲು ಒಳಗ ಬಿತ್ತಂದ್ರ ಏಸಿ ಎಷ್ಟು ತಿರಗಿದ್ರೂ ಸಾಲೂದಿಲ್ಲ. ನಮ್ಮ ಹಿರ್ಯಾರು ಮನಿ ಮುಂದ ಕಟ್ಟಿ, ಒಳಗ ಪಡಸಾಲಿ, ಕೆಳಗ ಶಹಾಬಾದ್ ಫರಸಿ, ಮ್ಯಾಲ ಮಂಗಳೂರು ಹಂಚು, ನಡುವ ಬೆಳಕಿಂಡಿ ಇಟ್ಟು ಸಂಜಿ ಗಾಳಿನ್ನ ಪುಗಸಟ್ಟೆ ಒಳಗ ಕರಕೊಂಡ್ರು. ಅದನ್ನ ಬಿಟ್ಟುಕೊಡೂದು ನನಗ ಸೇರೂದಿಲ್ಲ.

ಈಗಂತೂ ಎಲ್ಲಾ ಕಡೆ ಹಳೇ ರೀತಿಗೆ ತಿರಗೂ ಹವಾ ಬಂದೈತ್ರಿ. ಯಾವ ಊರಿಗೆ ಹೋದ್ರೂ ಅದೇ ಖೋಲಿ, ಅದೇ ಪಡದೆ ನೋಡಿ ಸಾಕಾಗಿ, ಬಂದವರು ಆ ಊರಿನ ಗುರುತು ಕೇಳಾಕತ್ತಾರ. ಹಂಪಿ ಮಗ್ಗಲ ಕಮಲಾಪುರದಾಗ ಇವಾಲ್ವ್ ಬ್ಯಾಕ್‌ನವರು ವಿಜಯನಗರದ ಕಮಾನುಗಳನ್ನ ಎತ್ತಿ ರೆಸಾರ್ಟ್ ಕಟ್ಯಾರ. ಅದು ಭಾಳ ರೊಕ್ಕದ ಮಾತು, ನಮಗ ಅಷ್ಟು ಬ್ಯಾಡ. ನಮ್ಮ ಜಿಲ್ಲಾದಾಗನ ನವಲಗುಂದದ ಜಮಖಾನಿ ಐತಲ್ಲ! ಭೌಗೋಳಿಕ ಗುರುತು ಪಡದ ಸಾಮಾನು. ಮನ್ಯಾಗ ನಿಲ್ಲಿಸಿದ ಮಗ್ಗದ ಮುಂದ ಕುಂತು ಹೆಣ್ಮಕ್ಕಳೇ ನೇಯತಾರ. ಬಣ್ಣದ ನೂಲು ಒಂದೊಂದೇ ಎಳಿ ಕೈಲೆ ಹಾಯಿಸಿ, ಪಂಜಾದಿಂದ ಬಡದು ಬಡದು ಕೂಡಸ್ತಾರ. ನಡುವ ಪಗಡಿ ಪಟ, ಅಂಚಿಗೆ ನವಿಲು. ಹಂಗ ಕಲಘಟಗಿ ತೊಟ್ಟಿಲಿಗೆ ಅರಗಿನ ಬಣ್ಣ ಹಚ್ಚೂ ಕೈಗಳಿಂದ ಮಂಚದ ತಲಿ ಹಲಗಿ ಮಾಡಿಸಿದ್ರ ಎಷ್ಟು ಚಂದ ಕಾಣತೈತಿ! ಗ್ವಾಡಿಗೆ ಅಂಟಸೂ ಪ್ರಿಂಟ್ ಚಿತ್ರಕ್ಕ ಹಾಕೂ ರೊಕ್ಕ ಆ ಮನಿಗಳಿಗೆ ಹೋಗ್ಲಿ.

ಆದ್ರ ಚಂದಕ್ಕಿಂತ ಮೊದಲ, ಇಲ್ಲಿಗೆ ಬರವರು ಯಾರು ಅಂತ ನೋಡಬೇಕ್ರಿ. 2008ರಾಗ ಧಾರವಾಡಕ್ಕ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಾಗ ಕಾಯಂ ಆತು. ಆಗಿನಿಂದ ಬಳ್ಳಾರಿ, ಕೊಪ್ಪಳ, ಕಾರವಾರ, ಬಾಗಲಕೋಟಿ ಕಡೆ ಕಕ್ಷಿದಾರರು ಹಿಂದಿನ ರಾತ್ರಿನ ಬಂದು ಇಳಕೋತಾರ. ಬಗಲಾಗ ಕಾಗದದ ಚೀಲ, ಕೈಯಾಗ ಬುತ್ತಿ. ಬೆಳಿಗ್ಗೆ ವಕೀಲರ ಮುಂದ ಇಡೂ ಮುಂಚೆ ಉತಾರ, ಖರೇದಿ ಪತ್ರ, ಕೆಳಗಿನ ಕೋರ್ಟಿನ ತೀರ್ಪು ಎಲ್ಲಾ ಒಮ್ಮೆ ಹರವಿ ಜೋಡಸಬೇಕು. ಖೋಲ್ಯಾಗ ಏನಿರತೈತಿ? ಎರಡು ಚಾದ ಕಪ್ಪಿಟ್ರ ತುಂಬಿ ಹೋಗೂ ದುಂಡನ ಗಾಜಿನ ಟೇಬಲ್. ಹಿಂಗಾಗಿ ಹಾಸಗಿ ಮ್ಯಾಲ ಕಾಗದ ಹರವಿ, ಹಾರಬಾರದಂತ ಫ್ಯಾನ್ ಬಂದ್ ಮಾಡಿ, ಬೆವರು ಒರಸ್ಕೋತ ಕುಂಡರತಾರ. ಉದ್ದನ ಕಟಗಿ ಮೇಜು, ಅದರ ಮ್ಯಾಲ ನೆಟ್ಟಗ ಬೀಳೂ ದೀಪ, ಕೆಳಗ ಒಂದು ಝೆರಾಕ್ಸ್ ಮಷೀನು. ನನ್ನ ಕೇಳಿದ್ರ ನಮ್ಮೂರ ಲಾಡ್ಜಿನ ಡಿಸೈನು ಅಲ್ಲಿಂದನ ಶುರು ಆಗಬೇಕು.

ಮೊಬೈಲಿನಿಂದ ಬಾಗಲಾ ತಗಿಯೂ ಕೀಲಿ ಹಾಕಸ್ತೀನಿ, ಕೌಂಟರಿನಾಗ ಮನಶ್ಯಾ ಬ್ಯಾಡ ಅಂದನಲ್ಲ ನಿಮ್ಮ ತಮ್ಮ? ಹಿಲ್ಟನ್‌ನವರು 2015ರಾಗನ ಅದನ್ನ ಶುರು ಮಾಡ್ಯಾರ. ಕಂಪನಿ ಕೆಲಸಕ್ಕ ಬರೂ ಹುಡುಗರಿಗೆ ಅನುಕೂಲನ, ಇರ್ಲಿ. ಆದ್ರ ನಮ್ಮ ಸಿದ್ಧಾರೂಢ ಸ್ವಾಮಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಾಗ ಎಲ್ಲಾದಕ್ಕಿಂತ ಉದ್ದಂದು. ನಡುರಾತ್ರಿ ಗಾಡಿ ಇಳದು, ಗಂಟು ಹೊತಗೊಂಡು ನಡದು ಬಂದ ಮುದುಕರಿಗೆ ಕ್ಯೂಆರ್ ಕೋಡ್ ತೋರಿಸಿದ್ರ ಏನ್ ಮಾಡಬೇಕ್ರಿ? ಬರ್ರಿ, ನೀರ ಕುಡೀರಿ ಅನ್ನಾಕ ಒಬ್ಬರು ಎಚ್ಚರ ಇರಬೇಕು. ಬಚ್ಚಲದಾಗ ಜಾರೂ ಟೈಲ್ಸ್ ಬ್ಯಾಡ, ಒರಟು ಫರಸಿ ಹಾಕಲಿ. ಕೈಗೆ ಆಸರಕ್ಕ ಒಂದು ಸರಳು. ಬೆಳಗಿನ ಐದಕ್ಕ ಬಿಸಿನೀರು.

ಇನ್ನ ಕಿಮ್ಸ್ ಆಸ್ಪತ್ರಿ ಅಂತೂ ಉಣಕಲ್ಲಿಗೆ ಹತ್ತರನ. ಅಲ್ಲಿ ಮನಿ ಮಂದಿನ್ನ ಮಲಗಿಸಿ ವಾರಗಟ್ಟಲೆ ಇರವರಿಗೆ ಒಂಚೂರು ಗಂಜಿ ಕಾಸಾಕ, ಎರಡು ಅರಿವಿ ಒಣಗಸಾಕ ಜಾಗಾ ಬೇಕು. ಅದನ್ನ ಯಾರೂ ನಕಾಶೆದಾಗ ಬರೆಯೂದಿಲ್ಲ, ನನಗ ಭಾಳ ಸಂಕಟ ಆಗೂದು ಇದಕ್ಕನ. ನಿಮ್ಮ ತಮ್ಮ ಬುಫೆ ಸಲುವಾಗಿ ಅಷ್ಟು ದೊಡ್ಡ ಅಡಿಗಿಮನಿ ತಗಸ್ಯಾನಲ್ಲ, ಅದರಾಗ ಅರ್ಧ ಸಾಕ್ರಿ. ಓಣ್ಯಾಗ ರೊಟ್ಟಿ ಬಡದು ಮಾರೂ ಹೆಣ್ಮಕ್ಕಳು ಅದಾರ. ದಿನಾ ಇಷ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣಗಾಯಿ ಪಲ್ಯಾ ಅಂತ ಅವರಿಗೆ ಹೇಳಿಟ್ರ ಆತು. ಉಳದ ಅರ್ಧದಾಗ ಒಂದು ಕಟ್ಟಿ, ಎರಡು ಒಲಿ, ಹಿಂದ ಅರಿವಿ ಒಣಗಸೂ ಹಗ್ಗಾ ಹಾಕಸ್ಲಿ.