ಸದರಿ ತುತ್ತೂರಿಯ ಹೇಳಿಕೆ

ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯ ಯಾವುದೋ ಒಂದು ಶಾಲೆಯ ಬೀರುವಿನಲ್ಲಿದೆಯೆಂದು ಕಲ್ಪಿಸಿಕೊಂಡ ಟ್ರಂಪೆಟ್, ಅಂದರೆ ಮೂರು ಗುಂಡಿಗಳ ಹಿತ್ತಾಳೆ ತುತ್ತೂರಿ, ಮಕ್ಕಳಿಗೆ ಊದುವಾದ್ಯ ಕಲಿಸುವ ಬಗ್ಗೆ ನೀಡಿದ ಹೇಳಿಕೆಗಳನ್ನು ಇಲ್ಲಿ ಸಂಗ್ರಹಿಸಲಾಗಿದೆ. ದಾಸ್ತಾನು ವಹಿಯಲ್ಲಿ ನಮೂದಾದ ವಸ್ತುವಿಗೆ ‘ನಾನು’ ಎನ್ನುವ ಅಧಿಕಾರವಿಲ್ಲವಾದ್ದರಿಂದ ಅದು ತನ್ನನ್ನು ‘ಸದರಿ ವಾದ್ಯ’ ಎಂದೇ ಕರೆದುಕೊಂಡಿದೆ.

ಪ್ರಶ್ನೆ: ಸದರಿ ವಾದ್ಯದ ಕುಲಗೋತ್ರ ಯಾವುದು?

ಉತ್ತರ: ತಾಮ್ರಕ್ಕೆ ಸತು ಬೆರೆಸಿದ ಹಿತ್ತಾಳೆಯ, ಬಿಡಿಸಿದರೆ ಸುಮಾರು ಒಂದೂವರೆ ಮೀಟರ್ ಉದ್ದವಾಗುವ ಕೊಳವೆಯೇ ಇದರ ದೇಹ, 1885ರಲ್ಲಿ ನಾದಿರ್ ಅಲಿ ಕಂಪನಿ ಆರಂಭವಾದ, ಬ್ಯಾಂಡ್ ವಾದ್ಯಗಳಿಗೆ ಹೆಸರಾದ ಮೀರತ್ ಇದರ ತವರು. ನಾಲ್ವಡಿ ಕೃಷ್ಣರಾಜ ಒಡೆಯರು ಕರ್ನಾಟಕ ಸಂಗೀತದೊಂದಿಗೆ ಪಾಶ್ಚಾತ್ಯ ವಾದ್ಯವೃಂದವನ್ನೂ ಅರಮನೆಯಲ್ಲಿ ಪೋಷಿಸಿದ್ದರಿಂದ ಗೌರವಕ್ಕೂ ಕೊರತೆಯಿಲ್ಲ. ಆದರೂ ಇದನ್ನು ಹಿಡಿದು ಮದುವೆ ಮೆರವಣಿಗೆಯಲ್ಲಿ ನಡೆಯುವವರು ಬರೀ ‘ಬ್ಯಾಂಡ್‌ನವರು’, ಸಮವಸ್ತ್ರ ತೊಟ್ಟು ಮೈದಾನದಲ್ಲಿ ನಡೆಯುವವರು ‘ಶಿಸ್ತಿನ ಸಿಪಾಯಿಗಳು’.

ಪ್ರಶ್ನೆ: ಊದಿದರೆ ಧ್ವನಿ ತಾನೇ ಬರುವಾಗ ಕಲಿಸುವುದೇನಿದೆ?

ಉತ್ತರ: ಹೀಗೆ ನಂಬಿಯೇ ಆಗಸ್ಟ್ 15ರ ಕಾರ್ಯಕ್ರಮಕ್ಕೆಂದು ಜುಲೈ ಕೊನೆಯಲ್ಲಿ ಬೀರುವಿನ ಬೀಗ ತೆಗೆಯುತ್ತಾರೆ. ಬರಿದೇ ಊದಿದರೆ ಗಾಳಿಯಷ್ಟೇ ಹೊರಬರುತ್ತದೆ. ನಾದ ಹುಟ್ಟುವುದು ತುಟಿಗಳ ಅದುರುವಿಕೆಯಿಂದ. ಆದ್ದರಿಂದ ಬಲ್ಲ ಬ್ಯಾಂಡ್ ಮಾಸ್ಟರ್ ಮೊದಲು ತುಟಿಗೆ ಹಿಡಿಯುವ ಬಟ್ಟಲಿನಾಕಾರದ ಭಾಗವಾದ ಮೌತ್‌ಪೀಸನ್ನು ಮಾತ್ರ ಕೊಟ್ಟು, ಕೆನ್ನೆ ಉಬ್ಬಿಸದೆ, ತುಟಿಯ ಅಂಚುಗಳನ್ನು ಬಿಗಿಹಿಡಿದು ದುಂಬಿಯಂತೆ ಗುಂಯ್‌ಗುಡಲು ಹೇಳುತ್ತಾರೆ. ಗುಂಡಿಗಳು ಆಮೇಲೆ: ನಡುವಿನದು ಅರ್ಧಸ್ವರ, ಮೊದಲನೆಯದು ಪೂರ್ಣಸ್ವರ, ಮೂರನೆಯದು ಒಂದೂವರೆ ಸ್ವರ ತಗ್ಗಿಸುತ್ತದೆ. ಒಂದನ್ನೂ ಒತ್ತದೆ ತುಟಿಯ ಬಿಗಿಯಿಂದಲೇ ಸಾ, ಪಾ, ಮೇಲಿನ ಸಾ ಬರುವುದರಿಂದ, ಬೆರಳಿಗಿಂತ ಮೊದಲು ಕಿವಿಗೆ ಪಾಠವಾಗಬೇಕು. ಹಾಡಲಾಗದ ಸ್ವರವನ್ನು ಮಗು ಊದುವುದೂ ಕಷ್ಟ.

ಪ್ರಶ್ನೆ: ವಿದ್ಯಾರ್ಥಿಯ ಆಯ್ಕೆ ಹೇಗೆ?

ಉತ್ತರ: ಹಾಲುಹಲ್ಲು ಬಿದ್ದು ಮೇಲಿನ ಮುಂಬಲ್ಲುಗಳು ಭದ್ರವಾದ ಮೇಲೆ, ಸಾಮಾನ್ಯವಾಗಿ 8ರಿಂದ 10ನೆಯ ವಯಸ್ಸಿನಲ್ಲಿ, ತುಟಿ ದಣಿಯದಂತೆ ದಿನಕ್ಕೆ ಸ್ವಲ್ಪಸ್ವಲ್ಪವೇ ಅಭ್ಯಾಸ ಮಾಡಿಸುವುದು ಕ್ರಮ. ಆದರೆ ಶಾಲಾ ಸಮಿತಿಯು ಹಲ್ಲು ನೋಡುವುದಿಲ್ಲ, ಎತ್ತರ ನೋಡುತ್ತದೆ. ಫೋಟೋದಲ್ಲಿ ಚೆನ್ನಾಗಿ ಕಾಣುವವನೇ ವಾದಕ.

ಪ್ರಶ್ನೆ: ಸದರಿ ವಾದ್ಯ ಎಂಜಲು ಸುರಿಸುತ್ತದೆಂಬ ದೂರಿದೆಯಲ್ಲ?

ಉತ್ತರ: ಅದು ಬಹುಪಾಲು ಉಸಿರಿನ ಆವಿ ತಣಿದು ಆದ ನೀರು, ಅದನ್ನು ಹೊರಬಿಡಲು ಕೊಳವೆಯಲ್ಲಿ ಪುಟ್ಟ ಕೀಲಿಯೇ ಇದೆ. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಯ ತಗಡಿನ ತುತ್ತೂರಿ ಕೊಳಕ್ಕೆ ಬಿದ್ದು ಸ್ವರ ಕಳೆದುಕೊಂಡಿತು; ಹಿತ್ತಾಳೆಯದು ನೀರಿಗೆ ಅಂಜುವುದಿಲ್ಲ, ಎಣ್ಣೆ ಕಾಣದೆ ವರ್ಷವಿಡೀ ಬೀರುವಿನಲ್ಲಿದ್ದು ಗುಂಡಿ ಕಚ್ಚಿಕೊಂಡು ಮೂಕವಾಗುತ್ತದೆ.

ಪ್ರಶ್ನೆ: ಮಕ್ಕಳ ಅಪಸ್ವರವನ್ನು ಊರು ಸಹಿಸಬೇಕೇ?

ಉತ್ತರ: 2007ರವರೆಗೆ ಮಾಲೂರು ಇರುವ ಕೋಲಾರ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದ ತಮಟೆ, ಊರಿನ ಕಿವಿಯ ಮುಂದೆ ಬಯಲಿನಲ್ಲೇ ಬೆಳೆದ ವಾದ್ಯ. ಆದರೆ ಸದರಿ ವಾದ್ಯದಿಂದ ಊರು ಬಯಸುವುದು ಹಬ್ಬವನ್ನು ಮಾತ್ರ, ತಾಲೀಮನ್ನಲ್ಲ.

ಪ್ರಶ್ನೆ: ಹಾಗಾದರೆ ಆಗಸ್ಟ್ 15ರ ಕಾರ್ಯಕ್ರಮ?

ಉತ್ತರ: ಎಂದಿನಂತೆ ಯಶಸ್ವಿಯಾಗುತ್ತದೆ. ಹುಡುಗ ವಾದ್ಯವನ್ನು ಬಾಯಿಗಿಟ್ಟು ನಿಲ್ಲುತ್ತಾನೆ, ಧ್ವನಿವರ್ಧಕದಲ್ಲಿ ಪೆನ್‌ಡ್ರೈವ್ ನುಡಿಯುತ್ತದೆ, ಪದಕವು ಸಮಿತಿಯ ಅಧ್ಯಕ್ಷರಿಗೆ ಸಲ್ಲುತ್ತದೆ.